ಬರಿಗಾಲಿನ ಗಿರಾಕಿ

ನನ್ನ ಬಲಗಾಲಿನ ಹೆಬ್ಬೆರಳಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ನಾನು ಸರ್ವೇಯರ್ ಆಗಿದ್ದ ಕಾಲ. ಅಣ್ಣತಮ್ಮಂದಿರಿಬ್ಬರ ಜಮೀನಿನ ಹದ್ದು ಗುರುತಿಸಲು ಹೋಗಿದ್ದೆ. ಅವರಿಬ್ಬರೂ ಸೇರಿ ಎತ್ತಿ ನಿಲ್ಲಿಸುತ್ತಿದ್ದ ಬಾಂದುಕಲ್ಲು, ನಡುವೆ ಹಳೆಯ ಜಗಳ ನೆನಪಾಗಿ ಇಬ್ಬರೂ ಕೈಬಿಟ್ಟಿದ್ದರಿಂದ, ನನ್ನ ಹೆಬ್ಬೆರಳಿನ ಮೇಲೆ ಕೂತಿತು. ಉಗುರು ಹೋಗಿ ಬೇರೆ ಬಂತು. ಬೆರಳು ಮಾತ್ರ ಪಕ್ಕದ ಬೆರಳಿನ ಸಹವಾಸವೇ ಬೇಡವೆಂದು ಅತ್ತ ತಿರುಗಿದ್ದು ಇವತ್ತಿಗೂ ಇತ್ತ ತಿರುಗಿಲ್ಲ. ಅಣ್ಣತಮ್ಮಂದಿರು ಆಮೇಲೆ ರಾಜಿಯಾದರಂತೆ.

ಈ ಕಥೆಯನ್ನು ಕೇಳದ ಮನುಷ್ಯ ನಂಜನಗೂಡಿನ ನಮ್ಮ ಬಡಾವಣೆಯಲ್ಲಿ ಇಲ್ಲ. ಕೇಳಲು ಇಷ್ಟವಿಲ್ಲದವರಿಗೂ ಹೇಳಿದ್ದೇನೆ. ಹೇಳುವಾಗ ಚಪ್ಪಲಿ ಕಳಚಿ ಬೆರಳನ್ನು ಸಾಕ್ಷಿಗೆ ಮುಂದಿಡುವುದೂ ಉಂಟು. ಸರ್ಕಾರಿ ನೌಕರಿಯಲ್ಲಿ ನಾನು ರಕ್ತ ಸುರಿಸಿದ್ದಕ್ಕೆ ಇರುವ ಪುರಾವೆ ಅದೊಂದೇ.

ಕಥೆ ಹೇಳಲು ನನಗೊಂದು ಖಾಯಂ ಜಾಗವಿತ್ತು. ಅದು ನಮ್ಮ ಬೀದಿಯ ದಿನಸಿ ಅಂಗಡಿಯ ಮುಂದಿನ ಮರದ ಬೆಂಚು. ಅಂಗಡಿಯ ಯಜಮಾನರನ್ನು ಎಲ್ಲರೂ ಸಾಹುಕಾರ್ರು ಎಂದು ಕರೆಯುತ್ತಾರೆ. ಹಾಗೆಂದು ಅವರೇನೂ ದುಡ್ಡಿನ ಕುಳವಲ್ಲ. ಬದನವಾಳು ಕಡೆಯ ಹಳ್ಳಿಯಿಂದ ಬಂದು, ಬೆಲ್ಲ ಮತ್ತು ಬೀಡಿ ಮಾರುತ್ತಾ ಶುರುಮಾಡಿ, ಕಷ್ಟಪಟ್ಟು ಆ ಮಳಿಗೆಯನ್ನು ಸ್ವಂತ ಮಾಡಿಕೊಂಡವರು. ಮೊದಲು ಅಂಗಡಿಗೆ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಚುನಾವಣೆ ಬಂದಾಗಲೆಲ್ಲ ಹಳೆಯ ಟಾರಿನ ಮೇಲೆ ಹೊಸ ಟಾರು ಬಿದ್ದು ರಸ್ತೆ ಮೇಲೇರಿತು, ಅಂಗಡಿ ಕೆಳಗೇ ಉಳಿಯಿತು. ಈಗ ಮೆಟ್ಟಿಲು ಇಳಿದು ಹೋಗಬೇಕು. ಅದರಿಂದಾಗಿ ಗಾದಿಯ ಮೇಲೆ ಕೂತ ಸಾಹುಕಾರ್ರಿಗೆ ಬೀದಿಯಲ್ಲಿ ಮೊದಲು ಕಾಣುವುದು ಜನರ ಕಾಲು, ಆಮೇಲೆ ಮುಖ. ಬೇಳೆ ತೂಗುತ್ತಾ ತಲೆ ಎತ್ತದೆಯೇ "ಬನ್ನಿ ಮೇಷ್ಟ್ರೆ" ಅನ್ನುತ್ತಾರೆ. ಮೇಷ್ಟರೇ ಬಂದಿರುತ್ತಾರೆ.

ಅವರ ಹೆಂಡತಿ ಅಂಗಡಿಯ ಒಳಗೆ ಮೂಟೆಗಳ ಹಿಂದೆ ಕೂತು ಅಕ್ಕಿ ಆರಿಸುತ್ತಿರುತ್ತಾರೆ. ಆ ತಾಯಿ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಆದರೆ ಕಡಲೆಮಿಠಾಯಿಯ ಗಾಜಿನ ಭರಣಿಯ ಮುಚ್ಚಳ ಸ್ವಲ್ಪ ಅಲುಗಿದರೂ ಒಳಗಿನಿಂದ "ಯಾರದು?" ಎಂದು ದನಿ ಬರುತ್ತದೆ. ಸಾಹುಕಾರ್ರಿಗೆ ಸಕ್ಕರೆ ಕಾಯಿಲೆ. ನನಗೂ ಅದೇ. ನನ್ನ ಹೆಂಡತಿ ಒಂದು ದಿನ ಅಂಗಡಿಗೆ ಬಂದು, ನನ್ನ ಎದುರಿಗೇ, ನನಗೆ ಯಾವ ಸಿಹಿಯನ್ನೂ ಕೊಡಕೂಡದೆಂದು ಹೇಳಿ ಹೋದಳು. ಅಂದಿನಿಂದ ಭರಣಿಗೆ ಕಾವಲು ಇನ್ನೂ ಬಿಗಿಯಾಯಿತು. ನಾನು "ಸಾವ್ಕಾರ್ರೇ, ಒಂದೇ ಒಂದು" ಎಂದರೆ, ಅವರು ಪಾಪ, ಒಳಗಡೆ ಕಣ್ಣುಸನ್ನೆ ಮಾಡಿ, "ನಿಮ್ ಮನೆ ಅಮ್ಮಾವ್ರು ಬ್ಯಾಡ ಅಂದವ್ರೆ ಸಾ. ನನ್ಗೇ ಇಲ್ಲ" ಎನ್ನುತ್ತಿದ್ದರು. ಇಬ್ಬರು ಮುದುಕರು ಭರಣಿಯನ್ನು ನೋಡುತ್ತಾ ಕೂತು ರಾಜಕೀಯ ಮಾತಾಡುತ್ತಿದ್ದೆವು.

ಹೀಗಿರುವಾಗ ಎದುರಿನ ಹಳೇ ಅಕ್ಕಿ ಗಿರಣಿಯನ್ನು ಕೆಡವಿ, ಗಾಜಿನ ಬಾಗಿಲಿನ, ತಣ್ಣನೆ ಗಾಳಿಯ ದೊಡ್ಡ ದಿನಸಿ ಅಂಗಡಿಯೊಂದು ಎದ್ದು ನಿಂತಿತು. ಬೇಕಾದ್ದನ್ನು ನಾವೇ ಬುಟ್ಟಿಗೆ ಹಾಕಿಕೊಳ್ಳಬಹುದಾದ ಅಂಗಡಿ. ಪ್ರಾರಂಭದ ದಿನ ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಒಳಗೆ ಲಕ್ಷ್ಮೀಪೂಜೆ. ಬಡಾವಣೆಗೆ ಬಡಾವಣೆಯೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೋಸಂಬರಿ ತಿಂದು ಬಂತು. ನಾನು ಹೋಗಲಿಲ್ಲ. ಬೆಂಚಿನ ಮೇಲೆ ಕೂತು, ನಮ್ಮ ಬೆಂಚಿನ ಗೆಳೆಯರೆಲ್ಲ ಕೇಳುವಂತೆ, ಕಾಲ ಮೇಲೆ ಕಾಲು ಹಾಕಿಕೊಂಡು ಘೋಷಿಸಿದೆ.

"ಈ ಜನ್ಮದಲ್ಲಿ ಆ ಅಂಗಡಿಗೆ ನಾನು ಕಾಲಿಡೋದಿಲ್ಲ!"

ಹೇಳು ಎಂದು ಯಾರೂ ಕೇಳಿರಲಿಲ್ಲ. ಅಂಥ ಮಾತುಗಳನ್ನು ನಾನು ಯಾರೂ ಕೇಳದೆಯೇ ಆಡುತ್ತೇನೆ. ಸಾಹುಕಾರ್ರು ತಲೆತಗ್ಗಿಸಿ ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದವರು ದಾರ ಸುತ್ತುವುದನ್ನು ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದರು.

ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು. ಪೂಜೆ ಮುಗಿದು ಬಾಳೆಕಂದು ಬಾಡಿದರೂ ಜನ ಹೊಸ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ಬಿಡಲಿಲ್ಲ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೆ ಕಾಲಿಟ್ಟರೆ ಎದುರಿಗೇ ಲಕ್ಷ್ಮಿಯ ಪಟ, ಉರಿಯುವ ದೀಪ. ಅಂಥ ಕಡೆ ಚಪ್ಪಲಿ ಹಾಕಿಕೊಂಡು ನುಗ್ಗುವ ಧೈರ್ಯ ನಮ್ಮೂರಿನವರಿಗೆ ಎಲ್ಲಿಂದ ಬರಬೇಕು? ಬಿಲ್ಲು ಮಾಡುವ ಹುಡುಗಿ ಬಾಗಿಲಿಗೆ ಬಂದು "ಹಾಕ್ಕೊಂಡೇ ಬನ್ನಿ, ಹಾಕ್ಕೊಂಡೇ ಬನ್ನಿ" ಎಂದು ಕೈಮುಗಿದು ಸಾಕಾಗಿ ಸುಮ್ಮನಾದಳು. ಕೊನೆಗೆ ಅವರೇ ಚಪ್ಪಲಿಗೊಂದು ಕಬ್ಬಿಣದ ಸ್ಟ್ಯಾಂಡ್ ತಂದಿಟ್ಟರು.

ಆ ಸ್ಟ್ಯಾಂಡ್ ಸಾಹುಕಾರ್ರ ಗಾದಿಗೆ ನೇರ ಎದುರು. ಅವರ ಕಣ್ಣಿನ ಮಟ್ಟಕ್ಕೆ.

"ಅಗೋ, ಪೋಸ್ಟಾಪೀಸ್ನೋರು ಒಳೀಕ್ ಓದ್ರು" ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ, "ಮೇಷ್ಟ್ರು. ಚಪ್ಲಿ ಅಂಗುಷ್ಠ ಕಿತ್ತೋಗಿತ್ತು, ಒಲ್ಸವ್ರೆ." ಕೋಪವಿಲ್ಲದ ದನಿ. ರೈಲು ಬಂದು ಹೋಗುವುದನ್ನು ಹೇಳುವವರ ಹಾಗೆ ಹೇಳುತ್ತಿದ್ದರು. ನಮ್ಮ ಬೆಂಚಿನ ಗೆಳೆಯರ ಚಪ್ಪಲಿಗಳೂ ಒಂದೊಂದಾಗಿ ಆ ಸ್ಟ್ಯಾಂಡ್ ಸೇರಿದವು. ಆಮೇಲೆ ಅವರಿಗೆ ಬೆಂಚಿಗೆ ಬರಲು ಮುಜುಗರ. ಬೀದಿಯ ಆ ಅಂಚಿನಲ್ಲಿ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಕೊನೆಗೆ ಬೆಂಚಿನ ಮೇಲೆ ಉಳಿದವನು ನಾನೊಬ್ಬ, ನನ್ನ ಹೆಬ್ಬೆರಳಿನ ಕಥೆಯೊಂದು.

ಒಂದು ಬೆಳಿಗ್ಗೆ ಸಾಹುಕಾರ್ರು ತಕ್ಕಡಿ ಒರೆಸುತ್ತಾ ಹೇಳಿದರು: "ನಮ್ ಮಗ ಈ ಮಳಿಗೇನ ಮೊಬೈಲ್ ಅಂಗ್ಡಿಯೋರ್ಗೆ ಬಾಡ್ಗೆ ಕೊಟ್ಬುಡಾನ ಅಂತವ್ನೆ ಸಾ. ಯಾಪಾರ ಓದ್ರೆ ಓಗ್ಲಿ, ಅದ್ಕೆ ನಾನು ಎದ್ರಾಕಿಲ್ಲ. ನೀವೊಬ್ರು ಬಂದ್ ಕುಂತ್ಕಂಡ್ರೆ ಸಾಕು. ಬೆಂಚು ಕಾಲಿ ಆದ್ ದಿನ ನಾನು ಬಾಗ್ಲು ತೆಗ್ಯಾಕಿಲ್ಲ."

ನನ್ನ ಎದೆ ಉಬ್ಬಿತು. ಇಲಾಖೆಯಲ್ಲಿದ್ದಷ್ಟು ದಿನ ನನ್ನ ಕುರ್ಚಿ ಖಾಲಿಯಾದರೆ ಏನಾದರೂ ನಿಲ್ಲುತ್ತದೆ ಎಂದು ಯಾರೂ ಹೇಳಿರಲಿಲ್ಲ. ಈಗ ಒಂದು ಅಂಗಡಿಯೇ ನನ್ನ ಮೇಲೆ ನಿಂತಿದೆ! "ನಾನಿರೋ ತನಕ ನೀವು ಬಾಗಿಲು ಹಾಕೋ ಮಾತೇ ಇಲ್ಲ ಸಾವ್ಕಾರ್ರೇ" ಎಂದೆ. ಅದನ್ನು ಮನಸ್ಸಿನಿಂದಲೇ ಅಂದೆ.

ಮನಸ್ಸು ಸರಿಯಾಗಿಯೇ ಇತ್ತು. ನಾಲಿಗೆಯದೇ ತೊಂದರೆ. ಹೊಸ ಅಂಗಡಿಯ ಗಾಜಿನ ಹಿಂದೆ, ಬೆಂಚಿನಿಂದ ಕಾಣುವ ಹಾಗೆ, ಕಡಲೆಮಿಠಾಯಿಯನ್ನು ಗೋಪುರದಂತೆ ಜೋಡಿಸಿದ್ದರು. ಅಲ್ಲಿ "ಅಮ್ಮಾವ್ರು ಬ್ಯಾಡ ಅಂದವ್ರೆ" ಅನ್ನುವವರಿಲ್ಲ, "ಯಾರದು?" ಅನ್ನುವವರಿಲ್ಲ. ಅಲ್ಲಿಗೆ ಹೋದ ಮನುಷ್ಯನಿಗೆ ಹೆಂಡತಿಯೂ ಇಲ್ಲ, ಕಾಯಿಲೆಯೂ ಇಲ್ಲ, ಬುಟ್ಟಿ ಮಾತ್ರ ಇದೆ. ನಮ್ಮ ಅಂಗಡಿಯಲ್ಲಿ ಸಾಹುಕಾರ್ರಿಗೆ ನನ್ನ ಬಗ್ಗೆ ಎಲ್ಲ ಗೊತ್ತು. ಅದೇ ಅದರ ಸುಖ. ಗೊತ್ತಿಲ್ಲದವರ ಅಂಗಡಿಯ ಸುಖ ಬೇರೆಯದು ಎಂದು ನನಗೆ ಆ ವಯಸ್ಸಿನಲ್ಲಿ ಹೊಳೆಯಿತು.

ಕೆಲವು ದಿನ ತಡೆದೆ. ಆಮೇಲೆ, ಹಳೆಯ ಸರ್ವೇಯರ್ ಅಲ್ಲವೇ, ಯೋಜನೆ ಹಾಕಿದೆ. ನನ್ನ ಚಪ್ಪಲಿ ಇಡೀ ಬೀದಿಗೆ ಪರಿಚಯ. ಹೆಬ್ಬೆರಳಿನ ಸೊಟ್ಟಕ್ಕೆ ತಕ್ಕಂತೆ ಪಟ್ಟಿ ಸಡಿಲಿಸಿ ಹೊಲಿಸಿದ ಚಪ್ಪಲಿ. ಅದನ್ನು ಸ್ಟ್ಯಾಂಡಿನಲ್ಲಿ ಬಿಟ್ಟರೆ ನನ್ನ ಹೆಸರಿನ ಬೋರ್ಡು ಬರೆಸಿ ನೇತುಹಾಕಿದ ಹಾಗೆ. ಹಾಗಾದರೆ ಏನು ಮಾಡಬೇಕು? ಚಪ್ಪಲಿಯನ್ನೇ ಹಾಕಿಕೊಂಡು ಹೋಗದಿದ್ದರಾಯಿತು. ಈ ಉಪಾಯ ಹೊಳೆದಾಗ ನನಗೆ ನನ್ನ ಬಗ್ಗೆಯೇ ಗೌರವ ಬಂತು. ಮುಖ ಕಾಣದಿರಲೆಂದು ಕಪ್ಪು ಛತ್ರಿಯನ್ನೂ ತೆಗೆದುಕೊಂಡೆ.

ಮಧ್ಯಾಹ್ನದ ಊಟ ಮುಗಿಸಿ ಸಾಹುಕಾರ್ರು ಮುಖಕ್ಕೆ ಟವೆಲು ಹಾಕಿಕೊಂಡು ಗೋಡೆಗೊರಗಿ ನಿದ್ದೆ ಮಾಡುವ ಹೊತ್ತು ನೋಡಿ ಹೊರಟೆ. ಬೇಸಿಗೆ. ಗೇಟು ದಾಟಿ ಕಾಲಿಟ್ಟ ಕೂಡಲೇ ಟಾರು ಸುಟ್ಟಿತು. ನೆರಳು ಇದ್ದಲ್ಲಿ ನಿಂತು, ಇಲ್ಲದಲ್ಲಿ ಕುಣಿದು, ಛತ್ರಿಯನ್ನು ಮೂಗಿನ ತನಕ ಇಳಿಸಿಕೊಂಡು, ಗೋಡೆ ಸವರಿಕೊಂಡು ರಸ್ತೆ ದಾಟಿದೆ. ಸಾಹುಕಾರ್ರ ಕಡೆ ಓರೆಗಣ್ಣಿಂದ ನೋಡಿದೆ. ಟವೆಲು ಉಸಿರಿಗೆ ತಕ್ಕಂತೆ ಏಳುತ್ತಾ ಇಳಿಯುತ್ತಾ ಇತ್ತು. ಗೆದ್ದೆ ಅಂದುಕೊಂಡೆ.

ಒಳಗಿನ ತಣ್ಣನೆ ನೆಲಕ್ಕೆ ಸುಟ್ಟ ಪಾದ ತಾಗಿದಾಗ ಆದ ಆನಂದವನ್ನು ಏನೆಂದು ಹೇಳಲಿ! ಮಿಠಾಯಿಯ ಕಡೆ ಹೋಗಬೇಕೆಂಬುದೂ ಮರೆತು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಆಮೇಲೆ ಸಾಮಾನು ನೋಡುವವನಂತೆ ಸೋಪು, ಪೊರಕೆ, ಶ್ಯಾವಿಗೆಯ ಸಾಲುಗಳಲ್ಲಿ ಸುತ್ತಾಡಿ, ಕೊನೆಗೆ ಆಕಸ್ಮಿಕವಾಗಿ ಎಂಬಂತೆ ಗೋಪುರದ ಮುಂದೆ ಬಂದೆ. ಬಿಲ್ಲಿನ ಹುಡುಗಿ "ಫೋನ್ ನಂಬರ್ ಹೇಳಿ ಅಂಕಲ್, ಪಾಯಿಂಟ್ಸ್ ಬರುತ್ತೆ" ಎಂದಳು. ಮನೆಯಲ್ಲಿ ಫೋನಿರುವುದು ಹೆಂಡತಿಯ ಕೈಯಲ್ಲಿ. ಪಾಯಿಂಟ್ಸಿನ ಜೊತೆ ಮೆಸೇಜೂ ಹೋದರೆ ಕೆಟ್ಟೆನಲ್ಲ ಎಂದು "ನನ್ನ ಹತ್ತಿರ ಫೋನೇ ಇಲ್ಲ ತಾಯಿ" ಎಂದೆ. ಆ ಹುಡುಗಿ ಸುಟ್ಟು ಕೆಂಪಾಗಿ ದೂಳು ಮೆತ್ತಿದ್ದ ನನ್ನ ಬರಿಗಾಲನ್ನು ನೋಡಿ, ಪಾಪ ಎಂದುಕೊಂಡಿರಬೇಕು, ನಂಬಿದಳು.

ಹೊರಬಂದು ಛತ್ರಿಯೊಳಗೇ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಎಷ್ಟು ಕಾಲವಾಗಿತ್ತು! ಬೆಲ್ಲ ಹಲ್ಲಿಗೆ ಮೆತ್ತಿಕೊಳ್ಳುತ್ತಿದ್ದ ಆ ಗಳಿಗೆಯಲ್ಲೇ ಪಕ್ಕದ ಮನೆಯಾಕೆ ಎದುರಾದರು. ಅವರ ದೃಷ್ಟಿ ಛತ್ರಿಗೆ ಹೋಗಲಿಲ್ಲ, ನೇರ ಪಾದಕ್ಕೆ ಹೋಯಿತು.

"ಅಯ್ಯೋ ಸಾರ್, ಈ ಬಿಸಿಲಲ್ಲಿ ಬರಿಗಾಲು? ಹರಕೆನಾ?"

ನನ್ನ ಬಾಯಿ ಅಂಟಿಕೊಂಡಿತ್ತು. "ಹೂಂ" ಎಂದೆ.

"ನಂಜುಂಡೇಶ್ವರನಿಗಾ?"

"ಹೂಂ."

ಆಕೆ ಕಣ್ಣಿಗೆ ಕೈಮುಟ್ಟಿಸಿಕೊಂಡು ಹೋದರು. ನಾನು ಮಿಠಾಯಿ ನುಂಗಿದೆ. ಅದು ಗಂಟಲಲ್ಲಿ ಇಳಿಯುವ ಮೊದಲೇ ಸುದ್ದಿ ನಮ್ಮ ಮನೆಗೆ ಇಳಿದಿತ್ತು.

ಸಂಜೆ ಹೆಂಡತಿ ತುಪ್ಪದ ಬಟ್ಟಲು ಹಿಡಿದು ಬಂದು ನನ್ನ ಕಾಲ ಬಳಿ ಕೂತಳು. ಅವಳಿಗೆ ಮಂಡಿನೋವು, ಕೆಳಗೆ ಕೂರುವುದೇ ಕಷ್ಟ. "ಯಾಕ್ರೀ ಹೇಳಲಿಲ್ಲ?" ಎಂದಳು. "ನನ್ನ ಮಂಡಿನೋವಿಗೇ ಹೊತ್ತುಕೊಂಡಿದ್ದು ಅಂತ ನನಗೆ ಗೊತ್ತಾಗಲ್ವಾ? ಇಷ್ಟು ವರ್ಷಕ್ಕೆ ನನಗೋಸ್ಕರ ನೀವು ಒಂದು ಹರಕೆ ಹೊತ್ತಿರಿ." ಹಿಮ್ಮಡಿಗೆ ತುಪ್ಪ ಸವರುತ್ತಾ ಅವಳ ಕಣ್ಣು ಒದ್ದೆಯಾಯಿತು. ನನ್ನ ಜೇಬಿನಲ್ಲಿ ಪ್ಲಾಸ್ಟಿಕ್ ಕಾಗದ ಸರಸರ ಎನ್ನುತ್ತಿತ್ತು. ಈ ಹೊತ್ತಿನಲ್ಲಿ ನಿಜ ಹೇಳುವ ಗಂಡಸು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ. ನಾನು ದೇವರ ಪಟದ ಕಡೆ ನೋಡಿದೆ.

ಹರಕೆ ಎಂದಮೇಲೆ ಚಪ್ಪಲಿ ಮೆಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ ಬರಿಗಾಲಲ್ಲೇ ಬೆಂಚಿಗೆ ಹೋದೆ. ಸಾಹುಕಾರ್ರು ನನ್ನ ಮುಖ ನೋಡಲೇ ಇಲ್ಲ. ನನ್ನ ಪಾದಗಳನ್ನು ಬಹಳ ಹೊತ್ತು ನೋಡಿದರು. ಎದ್ದು ಒಳಗೆ ಹೋಗಿ, ಖಾಲಿ ಗೋಣಿಚೀಲ ತಂದು, ಮಡಿಸಿ, ನನ್ನ ಕಾಲ ಕೆಳಗೆ ಹಾಸಿದರು.

"ಏನ್ ಅರ್ಕೆ ಸಾ?"

"ಹೇಳಬಾರದು ಸಾವ್ಕಾರ್ರೇ. ಹೇಳಿದ್ರೆ ಫಲ ಇಲ್ಲ."

"ಅದೂ ನಿಜ" ಎಂದರು. ಗಾದಿಗೆ ಹೋಗಿ ಕೂತು, ತಕ್ಕಡಿ ಸರಿಮಾಡುತ್ತಾ, "ಅರ್ಕೆ ಒತ್ತೋರು ಸಿಹಿ ಮುಟ್ಬಾರ್ದು ಅಂತಾರೆ ಸಾ. ಉಸಾರು" ಎಂದರು. ದನಿಯಲ್ಲಿ ಏನೂ ಇರಲಿಲ್ಲ. ನಾನು ಕೆಮ್ಮಿದೆ. ಕಾಲ ಕೆಳಗಿನ ಗೋಣಿಚೀಲ ನೋಡಿ ನನಗೆ ಇನ್ನೊಂದು ಭಯ ಹತ್ತಿತು. ಅಂಗಡಿ ಉಳಿಯಲೆಂದು ನಾನು ಹರಕೆ ಹೊತ್ತಿದ್ದೇನೆ ಎಂದು ಇವರು ತಿಳಿದುಕೊಂಡಿದ್ದಾರೆ! ಇಲ್ಲದಿದ್ದರೆ ಗೋಣಿಚೀಲ ಯಾಕೆ? ನನ್ನ ಶಪಥ, ಅವರ ಮಾತು, ಈಗ ಈ ಬರಿಗಾಲು, ಎಲ್ಲ ಸೇರಿಸಿದರೆ ಬೇರೆ ಅರ್ಥವೇ ಬರುವುದಿಲ್ಲ. ನನಗೆ ನಾಚಿಕೆಯಾಯಿತು.

ನಾಚಿಕೆಯಾಯಿತು ಅಂದೆ, ಮಿಠಾಯಿ ಬಿಟ್ಟೆ ಅನ್ನಲಿಲ್ಲ. ಹೇಗೂ ಚಪ್ಪಲಿ ಇಲ್ಲ, ಹೇಗೂ ಕಾಲು ಸುಡುತ್ತದೆ. ಇಷ್ಟು ಕಷ್ಟಪಡುವ ಮನುಷ್ಯನಿಗೆ ಅಷ್ಟಾದರೂ ಬೇಡವೇ ಎಂದು ನನಗೆ ನಾನೇ ಮಂಜೂರು ಮಾಡಿಕೊಂಡೆ. ಟವೆಲು ಮುಖದ ಮೇಲೆ ಬಿದ್ದ ಮಧ್ಯಾಹ್ನಗಳಲ್ಲಿ ಛತ್ರಿ ಹಿಡಿದು ಹೊರಟುಬಿಡುತ್ತಿದ್ದೆ.

ಇತ್ತ ನನ್ನ ಹರಕೆ ಬಡಾವಣೆಯಲ್ಲಿ ಹೆಸರುವಾಸಿಯಾಯಿತು. ಸುಡುವ ಬೇಸಿಗೆಯಲ್ಲಿ ಬರಿಗಾಲಲ್ಲಿ ಓಡಾಡುವ ಹಿರಿಯರನ್ನು ನೋಡಿ ಮಾತಾಡಿಸದೆ ಹೋಗುವುದು ಹೇಗೆ? ಪೋಸ್ಟಾಫೀಸಿನವರು ಒಂದು ದಿನ ಬೆಂಚಿಗೆ ಬಂದರು. "ಏನ್ ಸಾರ್, ಯಾವ ಹರಕೆ, ಎಷ್ಟು ದಿನ?" ಎಂದು ಕೇಳುತ್ತಾ ಕೂತವರು ಕಾಫಿಪುಡಿ ಕಟ್ಟಿಸಿಕೊಂಡೇ ಎದ್ದರು. ಮೇಷ್ಟ್ರು ಬಂದರು. ಮುಜುಗರ ಮರೆತು ಒಬ್ಬೊಬ್ಬರೇ ಹಳೆಯ ಜಾಗಕ್ಕೆ ಮರಳಿದರು. ಹೊಸ ಅಂಗಡಿಗೂ ಹೋಗುತ್ತಿದ್ದರು, ಇಲ್ಲಿಗೂ ಬರುತ್ತಿದ್ದರು. ಬೆಂಚಿನಲ್ಲಿ ನನಗೇ ಜಾಗ ಸಾಲದಾಯಿತು. ಒಂದು ಬೆಳಿಗ್ಗೆ ಸಾಹುಕಾರ್ರ ಮಗ ಮೊಬೈಲ್ ಅಂಗಡಿಯವರನ್ನು ಕರೆದುಕೊಂಡು ಮಳಿಗೆ ತೋರಿಸಲು ಬಂದ. ಸಾಹುಕಾರ್ರು ಗಾದಿಯಿಂದ ಏಳಲಿಲ್ಲ. "ಕೊಡಾಕಿಲ್ಲ ಕಣಪ್ಪ. ಬೆಂಚಲ್ಲಿ ಜನ ಅವ್ರೆ" ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಗೋಣಿಚೀಲದ ಮೇಲೆ ಕಾಲು ಸರಿಸಿಕೊಂಡೆ. ಇದಕ್ಕಿಂತ ಪಜೀತಿ ಇನ್ನೇನಿದೆ? ಕಳ್ಳತನದಿಂದ ತಿಂದ ಮಿಠಾಯಿಯಿಂದ ಒಂದು ಅಂಗಡಿ ಉಳಿದಿತ್ತು, ಮತ್ತು ನಿಜ ಹೊರಬಿದ್ದ ದಿನ ಅದು ಮುಚ್ಚುತ್ತದೆ ಎಂದು ನಾನು ಖಂಡಿತವಾಗಿ ನಂಬಿದ್ದೆ. ಆ ಮನುಷ್ಯ ನನ್ನ ಮಾತು ನಂಬಿ ಮಗನಿಗೆ ಎದುರು ನಿಂತಿದ್ದಾರೆ. ನನ್ನ ಛತ್ರಿಯ ಕಥೆ ತಿಳಿದರೆ ಅವರ ಮನಸ್ಸಿಗೆ ಆಗುವ ನೋವು ನೆನೆದು ಮೊದಲ ಬಾರಿಗೆ ಆ ಮಧ್ಯಾಹ್ನ ನಾನು ಮನೆಯಿಂದ ಹೊರಡಲಿಲ್ಲ. ಮಂಚದ ಮೇಲೆ ಮಲಗಿ ಹೆಬ್ಬೆರಳನ್ನು ನೋಡುತ್ತಿದ್ದೆ.

ಮಾರನೆಯ ದಿನ ಸಾಹುಕಾರ್ರೇ ಕೇಳಿದರು: "ನೆನ್ನೆ ಉಸಾರಿರ್ಲಿಲ್ವಾ ಸಾ?"

"ಯಾಕೆ? ಬೆಳಿಗ್ಗೆ ಬಂದಿದ್ದೆನಲ್ಲ!"

"ಅಂಗೇ ಕೇಳ್ದೆ" ಎಂದರು. ಆಮೇಲೆ, "ಕಾಲ್ ಒಡ್ದೋಗದೆ. ಉಣ್ಣಿಮೆ ದಿನ ಅರ್ಕೆ ಒಪ್ಪಿಸ್ಬುಡಿ. ನಾನೂ ಬತ್ತೀನಿ" ಎಂದರು.

ಹುಣ್ಣಿಮೆಯ ಬೆಳಿಗ್ಗೆ ನಾವು ಮೂವರು ದೇವಸ್ಥಾನಕ್ಕೆ ಹೋದೆವು. ನಾನು, ಹೆಂಡತಿ, ಸಾಹುಕಾರ್ರು. ಸಾಹುಕಾರ್ರ ಕೈಯಲ್ಲಿ ಬಟ್ಟೆಯ ಚೀಲ. ದರ್ಶನವಾಯಿತು. ಹೊತ್ತೇ ಇರದ ಹರಕೆಯನ್ನು ಒಪ್ಪಿಸುವುದು ಹೇಗೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಕಣ್ಣುಮುಚ್ಚಿ "ಅಪ್ಪಾ, ನಿನಗೆಲ್ಲ ಗೊತ್ತು, ಇವರಿಗೆ ಗೊತ್ತಾಗದ ಹಾಗೆ ನೋಡಿಕೋ" ಎಂದು ಬೇಡಿಕೊಂಡೆ. ಹೆಂಡತಿ ಇನ್ನೂ ಪ್ರದಕ್ಷಿಣೆ ಹಾಕುತ್ತಿದ್ದಳು. ಮಂಡಿನೋವು ಅವಳಿಗೆ ನಿಜವಾಗಿಯೂ ಕಡಿಮೆಯಾಗಿತ್ತು! ಅದರ ಲೆಕ್ಕಾಚಾರ ನನಗೆ ಇವತ್ತಿಗೂ ತಿಳಿಯದು, ಕೇಳಲು ಧೈರ್ಯವೂ ಇಲ್ಲ. ನಾವಿಬ್ಬರು ಹೊಳೆಯ ಮೆಟ್ಟಿಲ ಕಡೆ ಹೋಗಿ ಕೂತೆವು.

ಸಾಹುಕಾರ್ರು ಚೀಲದಿಂದ ಹೊಸ ಚಪ್ಪಲಿ ತೆಗೆದು ನನ್ನ ಮುಂದೆ ಇಟ್ಟರು. ಬಲಗಾಲಿನದಕ್ಕೆ ಹೆಬ್ಬೆರಳಿನ ಕಡೆ ಪಟ್ಟಿ ಸಡಿಲ ಮಾಡಿಸಿ ಹೊಲಿಸಿದ್ದರು.

"ಆಕ್ಕಳಿ ಸಾ. ನಾಳೀಕೆ ಅಲ್ಗೆ ಓಗ್ಬೇಕಾದ್ರೆ ಇದ ಆಕ್ಕಂಡೇ ಓಗಿ."

"ಎಲ್ಲಿಗೆ?" ಎಂದೆ.

"ಇನ್ನೆಲ್ಗೆ, ಎದ್ರು ಅಂಗ್ಡಿಗೆ." ಅವರು ನೀರಿನ ಕಡೆ ನೋಡುತ್ತಿದ್ದರು. "ಟವಲ್ ಮಕದ ಮ್ಯಾಲ್ ಆಕ್ಕಂಡ್ರೆ ಮ್ಯಾಲ್ಗಡೆ ಕಾಣಾಕಿಲ್ಲ ಸಾ. ಕೆಳ್ಗಡೆ ಚೆನ್ನಾಗ್ ಕಾಣ್ತದೆ. ನೀವು ಛತ್ರಿ ಇಡ್ಕಂಡು ತಲೆ ಮುಚ್ಕಂಡ್ರಿ. ಕಾಲ್ ಮುಚ್ಕಳ್ನಿಲ್ಲ. ಚಪ್ಲಿ ಬುಟ್ರೆ ಆ ಸೊಟ್ಟ ಬೆಳ್ಳು ಎಲ್ಗ್ ಓಗ್ತದೆ? ಅದ್ರ ಕತೆ ನಂಗೆ ಎಷ್ಟು ಸಲ ಏಳಿದೀರಿ!"

ನಾನು ಬೆರಳನ್ನು ನೋಡಿದೆ. ಅದು ಎಂದಿನಂತೆ ಬೇರೆ ಕಡೆ ತಿರುಗಿಕೊಂಡಿತ್ತು.

"ಮೊದಲನೇ ದಿನಾನೇ ಗೊತ್ತಿತ್ತಾ?"

"ಊಂ."

"ಮತ್ತೆ ಗೋಣಿಚೀಲ ಯಾಕೆ ಹಾಕಿದ್ರಿ? ಯಾಕೆ ಸುಮ್ಮನಿದ್ರಿ ಸಾವ್ಕಾರ್ರೇ? ನಾನು ನಿಮಗೆ ಅಷ್ಟು ದೊಡ್ಡ ಮಾತು ಕೊಟ್ಟು..."

"ಕಾಲ್ ಸುಟ್ಟಿತ್ತಲ್ಲ ಸಾ, ಅದ್ಕೆ" ಎಂದರು. "ಮಿಕ್ಕೋರು ನನ್ ಕಣ್ಮುಂದೇನೇ ಚಪ್ಲಿ ಬುಟ್ಟು ಒಳೀಕ್ ಓದ್ರು. ತಪ್ಪಲ್ಲ, ಅವ್ರ ದುಡ್ಡು, ಅವ್ರ ಇಷ್ಟ. ನೀವೊಬ್ರು, ಇವನ್ ನೊಂದ್ಕತಾನೆ ಅಂತ, ಆ ಸುಡೋ ಟಾರ್ ಮ್ಯಾಲೆ ಬರಿಗಾಲಲ್ಲಿ ಕುಣ್ಕಂಡ್ ಓದ್ರಿ. ಅಷ್ಟು ಮರ್ವಾದೆ ನಂಗೆ ಇನ್ಯಾರು ಕೊಟ್ಟವ್ರೆ? ಮಗ ಕೊಟ್ಟವ್ನಾ? ನೀವು ಅತ್ತಗೆ ಓದ್ರೂ ನನ್ ಗಿರಾಕಿನೇ ಅಂತ ಅವತ್ತೇ ತಿಳ್ಕಂಡೆ."

ಚಪ್ಪಲಿ ಮೆಟ್ಟಿಕೊಂಡೆ. ಬೆರಳಿಗೆ ಸರಿಯಾಗಿ ಕೂತಿತು.

"ಒಂದ್ ಮಾತು ಸಾ." ಸಾಹುಕಾರ್ರು ನಮ್ಮ ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಂದರು. "ನಮ್ ಭರಣಿ ಮುಚ್ಳ ನಾನು ಮುಟ್ಟಂಗಿಲ್ಲ, ನಿಮ್ಗೆ ಗೊತ್ತಲ್ಲ. ನಾಳೀಕೆ ಬತ್ತಾ ನಂಗೂ ಒಂದ್ ತನ್ನಿ."

ಮರುದಿನ ಮಧ್ಯಾಹ್ನ ಛತ್ರಿ ಇಲ್ಲದೆ ಹೊರಟೆ. ರಸ್ತೆಯ ನಡುಮಧ್ಯದಲ್ಲೇ ನಡೆದೆ. ಹೊಸ ಚಪ್ಪಲಿಯನ್ನು ಸ್ಟ್ಯಾಂಡಿನ ಮೇಲಿನ ತಟ್ಟೆಯಲ್ಲಿ, ಸಾಹುಕಾರ್ರಿಗೆ ನೇರ ಕಾಣುವ ಹಾಗೆ ಜೋಡಿಸಿಟ್ಟು ಒಳಗೆ ಹೋದೆ. ವಾಪಸ್ಸು ಬಂದು ಬೆಂಚಿನ ಮೇಲೆ ಕೂತು, ಯಾರೂ ನೋಡದ ಹಾಗೆ ಅವರ ಕೈಗೆ ಒಂದು ತುಂಡು ದಾಟಿಸಿದೆ. ಸಾಹುಕಾರ್ರು ಅದನ್ನು ಬಾಯಿಗೆ ಹಾಕಿಕೊಂಡು, ಟವೆಲು ಮುಖಕ್ಕೆ ಎಳೆದುಕೊಂಡು, ಗೋಡೆಗೆ ಒರಗಿದರು. ಟವೆಲು ಉಸಿರಿಗೆ ತಕ್ಕಂತೆ ಅಲ್ಲ, ಬೇರೆಯದೇ ಲಯದಲ್ಲಿ ಅಲುಗತೊಡಗಿತು.

ಮೂಟೆಗಳ ಹಿಂದೆ ಅಕ್ಕಿ ಆರಿಸುವ ಸದ್ದು ನಿಂತಿತು.

"ಏನ್ರೀ? ಏನ್ ಮಾಡ್ತಿದ್ದೀರಿ?"

ಟವೆಲು ನಿಶ್ಚಲವಾಯಿತು. "ಊಂ" ಎಂದರು ಸಾಹುಕಾರ್ರು.

"ಊಂ ಅಂದ್ರೇನು? ಬಾಯ್ ಬುಟ್ಟು ಮಾತಾಡಾಕೆ ಏನಾಗದೆ?"

ಟವೆಲಿನ ಅಂಚಿನಿಂದ ಒಂದು ಕಣ್ಣು ನನ್ನನ್ನು ನೋಡಿತು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಒಳಗೆ ಕೇಳುವಂತೆ ಜೋರಾಗಿಯೇ ಹೇಳಿದೆ.

"ಅವರು ಮಾತಾಡೋ ಹಾಗಿಲ್ಲಮ್ಮ. ಹರಕೆ ಹೊತ್ತಿದ್ದಾರೆ."